ಗೋಡೆಗಿಂತ ಎತ್ತರದ ಚೌಕಟ್ಟು

ಹುಮನಾಬಾದಿನ ಸುತ್ತ ಹೇಳಿಕೊಳ್ಳುವಂಥ ಕಾಡಿಲ್ಲ. ಆದರೂ ತೊಂಬತ್ತರ ದಶಕದಲ್ಲಿ ನಮ್ಮ ಊರು ಬದುಕಿದ್ದು ಕಟ್ಟಿಗೆಯಿಂದಲೇ ಎಂದು ನಾನು ಹಟ ಹಿಡಿದು ಹೇಳುತ್ತೇನೆ. ಸಾಗುವಾನಿ ಹೆದ್ದಾರಿಯ ಲಾರಿಗಳಲ್ಲಿ ಮಹಾರಾಷ್ಟ್ರದ ಕಡೆಯಿಂದ ಬರುತ್ತಿತ್ತು. ಬೇವು, ಜಾಲಿಗಳು ಹುಲಸೂರ, ಮೋರಖಂಡಿಯಂಥ ಹಳ್ಳಿಗಳ ಹೊಲದ ಬದುಗಳಿಂದ ಬರುತ್ತಿದ್ದವು. ಎಲ್ಲವೂ ನಮ್ಮೂರಿನ ಕಟ್ಟಿಗೆ ಅಡ್ಡಾದ ಗರಗಸದಲ್ಲಿ ಕೊಯ್ಯಿಸಿಕೊಂಡು, ಬಾಗಿಲು, ಕಿಟಕಿ, ಮಂಚವಾಗಿ ಮತ್ತೆ ಅದೇ ಹಳ್ಳಿಗಳಿಗೆ ಹೊರಡುತ್ತಿದ್ದವು. ದೊಡ್ಡ ಮನೆಯವರು ಇದನ್ನು ತಮ್ಮ ವ್ಯಾಪಾರದ ಚರಿತ್ರೆ ಎನ್ನುತ್ತಾರೆ. ಅನ್ನಲಿ. ಆ ದಿಮ್ಮಿಗಳ ತೊಗಟೆ ಸುಲಿದವರು ನಮ್ಮ ಓಣಿಯ ಹೆಂಗಸರು, ಅವರಲ್ಲಿ ನನ್ನ ಅವ್ವನೂ ಒಬ್ಬಳು. ಅವರ ಕೈ ತಾಗದೆ ಒಂದು ದಿಮ್ಮಿಯೂ ಗರಗಸಕ್ಕೆ ಹೋಗುತ್ತಿರಲಿಲ್ಲ.

ನಮ್ಮ ಓಣಿಯ ಬಾಗಿಲುಗಳೆಲ್ಲ ಗಿಡ್ಡ. ಅಡ್ಡಾದಲ್ಲಿ ಉಳಿದ ತುಂಡುಗಳಿಂದ ಮಾಡಿದವು, ಇನ್ನು ಹೇಗಿರುತ್ತವೆ? ನಮ್ಮ ಮನೆಗೆ ನಾವೇ ಕಳ್ಳರಂತೆ ಬಗ್ಗಿ ನುಗ್ಗಬೇಕು. ಬಡಿದು ಬಡಿದು ಅಪ್ಪನ ಹಣೆಯ ಮೇಲೆ ಎದ್ದಿದ್ದ ಗಂಟು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಒಂದು ಬೇಸಿಗೆ ಅವ್ವ ಕೂಲಿಯ ಬದಲು ಉದ್ದನೆಯ ಬೇವಿನ ಚೌಕಟ್ಟು ಕೇಳಿದಳು.

ಅಡ್ಡಾದ ಸಾವಕಾರ ಎಲ್ಲರೆದುರು ನಕ್ಕ. "ನಿಮ್ಮ ಓಣ್ಯಾಗ ಇಷ್ಟ್ ಎತ್ತರ ಚೌಕಟ ಯಾಕ ಬೇಕು? ಮ್ಯಾಲಿಂದ ಒಂದ್ ಗೇಣು ಕೊಯ್ಸಿ ಕೊಡ್ತೀನಿ, ಒಯ್ಯಿ."

"ಕೊಯ್ಸಬ್ಯಾಡ್ರಿ. ಬಗ್ಗಿ ಬಗ್ಗಿ ಸಾಕಾಗ್ಯಾದ."

ಚೌಕಟ್ಟು ಹೊರಿಸಿಕೊಂಡು ಬಂದವಳು ಮರುದಿನದಿಂದ ಕೆಲಸಕ್ಕೆ ಹೋಗಲಿಲ್ಲ. ಆ ನಗು ಕೇಳಿದ್ದ ಉಳಿದ ಹೆಂಗಸರೂ ಹೋಗಲಿಲ್ಲ.

ಮನೆಗೆ ತಂದು ನೋಡಿದರೆ ಚೌಕಟ್ಟು ಗೋಡೆಗಿಂತ ಎತ್ತರ! ಅಪ್ಪ ಗರಗಸ ಹುಡುಕಿದ. ಅವ್ವ ಅದನ್ನು ಕಸಿದುಕೊಂಡು, ಚೌಕಟ್ಟನ್ನು ಅಂಗಳದ ಅಂಚಿನಲ್ಲಿ ನೆಡಿಸಿದಳು. "ಇಲ್ಲೇ ಪಡಸಾಲಿ ಕಟ್ಟೋಣು. ಗ್ವಾಡಿ ಇದರ ಎತ್ತರಕ್ಕ ಬರ್ಲಿ," ಎಂದಳು. ಗೋಡೆಗೆ ಕಲ್ಲು ಯಾವಾಗ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಎಡಕ್ಕೂ ಬಲಕ್ಕೂ ಬಯಲು, ನಡುವೆ ಚೌಕಟ್ಟು. ಆದರೂ ಕೋಳಿಗಳನ್ನು ಬಿಟ್ಟು ಯಾರೂ ಪಕ್ಕದಿಂದ ಬರುವಂತಿಲ್ಲ ಎಂದು ಅವ್ವನ ಕಟ್ಟಪ್ಪಣೆ. ಓಣಿ ಹೊಟ್ಟೆ ಹಿಡಿದು ನಕ್ಕಿತು. ನಾನು ಮಾತ್ರ ಕೆಲಸವಿಲ್ಲದಿದ್ದರೂ ತಲೆಯೆತ್ತಿ ಒಳಗೆ ಹೊರಗೆ ಓಡಾಡಿದೆ.

ಅತ್ತ ಮದುವೆಯ ಹಂಗಾಮು, ಮಂಚಗಳಿಗೆ ಗಿರಾಕಿಗಳ ಕಾಟ, ಅಡ್ಡಾದಲ್ಲಿ ಮಾತ್ರ ದಿಮ್ಮಿಗಳು ತೊಗಟೆ ಹೊದ್ದು ಬಿದ್ದಿದ್ದವು. ಕೊನೆಗೆ ಸಾವಕಾರ ತಾನೇ ಬಂದ. ನಮ್ಮ ಯಾರ ಮನೆಗೂ ಕಾಲಿಟ್ಟವನಲ್ಲ, ರಸ್ತೆಯಲ್ಲೇ ನಿಂತು ಕೂಗುವುದು ಅವನ ರೂಢಿ. ಅಂದೂ ಕೂಗಿದ: "ಏ ಬಾಯಿ, ಎಲ್ಲಾರ್ನೂ ಕರ್ಕೊಂಡು ಕೆಲಸಕ್ಕ ಬಾ!"

ಅವ್ವ ಅಂಗಳದ ಒಲೆಯ ಮುಂದಿಂದ ಏಳಲಿಲ್ಲ. "ಮಾತಾಡೋದಿದ್ರ ಒಳಗ ಬರ್ರಿ. ಬಾಗಲ ಅಲ್ಲೇ ಅದ."

ಓಣಿಯೆಲ್ಲ ನೋಡುತ್ತಿತ್ತು. ಅವನು ಪಕ್ಕದ ಬಯಲು ನೋಡಿದ, ಅವ್ವನ ಮುಖ ನೋಡಿದ, ಚಪ್ಪಲಿ ಬಿಟ್ಟು ಚೌಕಟ್ಟಿನ ಬಳಿ ಬಂದ. ಅದನ್ನು ಕೊಟ್ಟವನು ಅವನೇ. ಆದರೂ ನಮ್ಮ ಬಾಗಿಲೆಂದರೆ ಗಿಡ್ಡ ಎಂಬುದು ತಲೆಯಲ್ಲಿ ಕೂತುಬಿಟ್ಟಿತ್ತೇನೋ, ಸೊಂಟದವರೆಗೂ ಬಗ್ಗಿದ.

"ಬಗ್ಗಬ್ಯಾಡ್ರಿ ಸಾವಕಾರ್ರ," ಎಂದಳು ಅವ್ವ, "ನಮ್ಮ ಬಾಗಲ ಎತ್ತರ ಅದ."