ತೆರಕಣಾಂಬಿಯ ತಾರಸಿಯ ಮೇಲೆ ನಾನು ನುಂಗಿದ ಮಾತು

1999ರ ಮಾತು. ಚಾಮರಾಜನಗರ ಜಿಲ್ಲಾ ಕೇಂದ್ರವಾಗಿ ಎರಡು ವರ್ಷವಷ್ಟೇ ಆಗಿತ್ತು. ಅಲ್ಲಿ ನಾನೊಂದು ಟೈಪಿಂಗ್ ಮತ್ತು ಕಂಪ್ಯೂಟರ್ ಶಾಲೆ ನಡೆಸುತ್ತಿದ್ದೆ. ಆಗ ನನಗೆ ಇಪ್ಪತ್ತೇಳು ವರ್ಷ. ಅಪ್ಪನಿಗೆ ಊರಿನಲ್ಲಿ ಅರಿಶಿನದ ಮಂಡಿ ಇತ್ತು. ಮಂಡಿ ಶಿವಬಸಪ್ಪನವರ ಮಗಳು ಎಂದರೆ ಪೇಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಗುರುತನ್ನು ಬಿಟ್ಟು ನನ್ನದೇ ಆದ ಏನಾದರೂ ಮಾಡಬೇಕು ಎಂಬ ಹಟ ನನ್ನಲ್ಲಿ ಬಲವಾಗಿತ್ತು.

ರಾಚಯ್ಯನವರು ನನ್ನ ಶಾಲೆಗೆ ಬಂದದ್ದು ಪಿಂಚಣಿಯ ಅರ್ಜಿ ಟೈಪ್ ಮಾಡಿಸಲು. ಉಮ್ಮತ್ತೂರಿನವರು. ಸೇನೆಯ ಸಿಗ್ನಲ್ ವಿಭಾಗದಲ್ಲಿ ಹದಿನೇಳು ವರ್ಷ ದುಡಿದು ಬಂದಿದ್ದರು. ಅವರು ಕಾಯುತ್ತಾ ಕುಳಿತಿದ್ದಾಗ ನಾನು ಮೈಸೂರಿಗೆ ಎಸ್‌ಟಿಡಿ ಹಾಕಿ ಇಂಟರ್ನೆಟ್ ಹಿಡಿಯಲು ಒದ್ದಾಡುತ್ತಿದ್ದೆ. ಮೋಡೆಮ್ ಕಿರುಚಿಕೊಂಡು ಕಿರುಚಿಕೊಂಡು ನಿಂತುಹೋಯಿತು. ಗುಂಡ್ಲುಪೇಟೆಯಲ್ಲಿ ಒಂದು ಕೇಂದ್ರ ತೆರೆಯುವ ಆಸೆಯಿದೆ, ಆದರೆ ಅಲ್ಲಿನ ಫೋನ್ ಇದಕ್ಕಿಂತ ಕಷ್ಟ ಎಂದು ಗೊಣಗಿಕೊಂಡೆ.

"ತಂತಿ ಯಾಕಮ್ಮಣ್ಣಿ?" ಎಂದರು ಅವರು. "ಮಂಜಿನ ಬೆಟ್ಟದ್ ಮೇಲೆ ತಂತಿನೇ ಇಲ್ದಂಗೆ ಮಾತಾಡ್ಸಿದೀವಿ ನಾವು. ಗುಂಡ್ಲುಪೇಟೆ ಏನ್ ಮಹಾ ದೂರ?"

ನಾವಿಬ್ಬರೂ ಕೂಡಿ ಕೆಲಸಕ್ಕೆ ಇಳಿದದ್ದು ಹೀಗೆ. ನನ್ನ ಶಾಲೆಯಲ್ಲಿ ಹಿಡಿದ ಇಂಟರ್ನೆಟ್ಟನ್ನು ರೇಡಿಯೋ ಮೂಲಕ ಗುಂಡ್ಲುಪೇಟೆಗೆ ಕಳಿಸುವುದು, ಅಲ್ಲಿ ನಾಲ್ಕಾರು ಅಂಗಡಿಗಳಿಗೆ ಇ-ಮೇಲ್ ಸೇವೆ ಕೊಡುವುದು. ನಡುವೆ ತೆರಕಣಾಂಬಿಯಲ್ಲಿ ಒಂದು ಅಕ್ಕಿ ಗಿರಣಿಯ ತಾರಸಿ ಸಿಕ್ಕಿತು. ಗಿರಣಿಯವರು ಅಪ್ಪನಿಗೆ ಪರಿಚಯ. ರಾಚಯ್ಯನವರು ಬೆಂಗಳೂರಿಗೆ ಹೋಗಿ ಹಳೆಯ ಸಾಮಾನಿನ ಅಂಗಡಿಗಳನ್ನು ಹುಡುಕಿ ರೇಡಿಯೋ ಸೆಟ್ಟುಗಳನ್ನು ತಂದರು. ಬಿಚ್ಚಿ, ಬೆಸುಗೆ ಹಾಕಿ, ಮತ್ತೆ ಜೋಡಿಸಿದರು. ಅಷ್ಟು ದಪ್ಪನೆಯ ಬೆರಳುಗಳು ಅಷ್ಟು ನಾಜೂಕಾಗಿ ಕೆಲಸ ಮಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೀಗೆ ರೇಡಿಯೋ ಬಳಸಲು ದೆಹಲಿಯ ಅನುಮತಿ ಬೇಕಿತ್ತು. ಅರ್ಜಿ ಹಾಕಿದ್ದೆವು. ಐದು ತಿಂಗಳಾದರೂ ಉತ್ತರವಿಲ್ಲ. ಎಲ್ಲಾ ಸಿದ್ಧವಾಗಿ ಮೂಲೆಯಲ್ಲಿ ಕುಳಿತಿದ್ದನ್ನು ನೋಡಿ ನೋಡಿ ನನ್ನ ತಾಳ್ಮೆ ಹೋಯಿತು.

"ಒಂದು ವಾರ ಪರೀಕ್ಷೆ ಮಾಡಿ ಇಳಿಸಿಬಿಡೋಣ ರಾಚಯ್ಯಣ್ಣ," ಎಂದೆ.

"ಕಾಗ್ದ ಬರ್ಲಿ ಅಮ್ಮಣ್ಣಿ. ಗಾಳಿ ನಮ್ದಲ್ಲ, ಸರ್ಕಾರದ್ದು. ಅದ್ರಲ್ಲೂ ಈ ಸೀಮೇಲಿ, ಈಗ..."

ಅವರು ಮುಗಿಸದ ಮಾತು ನನಗೆ ಅರ್ಥವಾಗದ್ದೇನಲ್ಲ. ಕಾಡಿನಲ್ಲಿ ಕಾಡುಗಳ್ಳನ ಹುಡುಕಾಟ ನಡೆಯುತ್ತಿದ್ದ ಕಾಲ ಅದು. ಬಸ್ಸು ನಿಲ್ಲಿಸಿ ಚೀಲ ತೆರೆಸುತ್ತಿದ್ದರು. ಪೊಲೀಸರ ಓಡಾಟವನ್ನು ಯಾರೋ ಕಾಡಿಗೆ ಮುಟ್ಟಿಸುತ್ತಿದ್ದಾರೆ ಎಂಬ ಗುಮಾನಿ ಎಲ್ಲ ಕಡೆಯೂ ಇತ್ತು. ಆದರೂ ನಾನು ಬಿಡಲಿಲ್ಲ. "ಏನಾದರೂ ಆದರೆ ನಾನಿದ್ದೇನಲ್ಲ, ನಾನು ನೋಡಿಕೊಳ್ಳುತ್ತೇನೆ," ಎಂದೆ. ಅಪ್ಪನ ಹೆಸರು ಬೇಡವೆನ್ನುತ್ತಿದ್ದವಳು ಆ ಹೆಸರಿನ ಧೈರ್ಯದಲ್ಲೇ ಹಾಗೆ ಹೇಳಿದ್ದೆ. ಆಗ ಅದು ನನಗೆ ಹೊಳೆದಿರಲಿಲ್ಲ.

ರಾಚಯ್ಯನವರು, "ಆಯ್ತು ಬುಡಿ, ಮಾಡನ," ಎಂದರು.

ಮೊದಲ ಇ-ಮೇಲ್ ಹೋದದ್ದು ಗುಂಡ್ಲುಪೇಟೆಯ ಕುರಿಯನ್ ಅವರ ಬೇಕರಿಯಿಂದ. ಅವರು ವಯನಾಡಿನಿಂದ ಬಂದು ಅಲ್ಲೇ ನೆಲೆಸಿದವರು. ಮಗಳು ಕುವೈತಿನಲ್ಲಿ ನರ್ಸ್. ಕಾಗದ ಬರೆದರೆ ಉತ್ತರಕ್ಕೆ ತಿಂಗಳು ಕಾಯಬೇಕಿತ್ತು. ಮರುದಿನ ಮಧ್ಯಾಹ್ನ ತೆರೆಯ ಮೇಲೆ ಮಗಳ ಉತ್ತರ ಸಾಲು ಸಾಲಾಗಿ ಮೂಡಿದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದು ನನ್ನ ಮೋಳು ನಿನ್ನೆ ರಾತ್ರಿ ಬರೆದದ್ದಾ? ನಿನ್ನೆಯದ್ದೇನಾ?" ಎಂದು ಎರಡೆರಡು ಸಲ ಕೇಳಿ, ನಮ್ಮಿಬ್ಬರಿಗೂ ಬಿಸಿ ಬನ್ನು ಕೊಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ರಾಚಯ್ಯನವರು ಕಿಟಕಿಯಾಚೆ ನೋಡುತ್ತಾ ಒಬ್ಬರೇ ನಗುತ್ತಿದ್ದರು.

ಅದಾದ ನಾಲ್ಕನೆಯ ದಿನ ಜೋರು ಗಾಳಿಗೆ ತೆರಕಣಾಂಬಿಯ ಆಂಟೆನಾ ವಾಲಿತು. ಸರಿಪಡಿಸಲು ಇಬ್ಬರೂ ಹೋದೆವು. ಹನ್ನೊಂದು ಗಂಟೆಯ ಬಿಸಿಲು. ರಾಚಯ್ಯನವರು ಏಣಿ ಹತ್ತಿ ಕಂಬ ಹಿಡಿದು ನಿಂತಿದ್ದರು, ನಾನು ಕೆಳಗಿನಿಂದ ಸ್ಪ್ಯಾನರ್ ಕೊಡುತ್ತಿದ್ದೆ. ಮೆಟ್ಟಿಲಲ್ಲಿ ಬೂಟುಗಳ ಸದ್ದಾಯಿತು. ಆರು ಮಂದಿ ಪೊಲೀಸರು ತಾರಸಿಗೆ ಬಂದರು. ಯಾರು ಸುದ್ದಿ ಕೊಟ್ಟರೋ ಇವತ್ತಿಗೂ ಗೊತ್ತಿಲ್ಲ. ಅವರು ಯಾವ ಠಾಣೆಯವರು ಎಂದು ಇಲ್ಲಿ ಬರೆಯುವುದಿಲ್ಲ.

ಅಧಿಕಾರಿ ಸೆಟ್ಟನ್ನೂ ಆಂಟೆನಾವನ್ನೂ ನೋಡಿದರು. ಮೂಲೆಯಲ್ಲಿದ್ದ ರಾಚಯ್ಯನವರ ನೋಟ್‌ಬುಕ್ಕನ್ನು ತಿರುವಿದರು. ಅದರ ತುಂಬಾ ಅಂಕಿಗಳು, ಇಂಗ್ಲಿಷ್ ಅಕ್ಷರಗಳು. ನಮಗೆ ಅದು ಲೆಕ್ಕಾಚಾರ, ನೋಡುವವರಿಗೆ ಗುಪ್ತ ಭಾಷೆ.

"ಯಾರದಿದು?" ಎಂದು ಕೇಳಿದರು.

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಎಷ್ಟು ಹೊತ್ತು ಹಾಗಿದ್ದೆನೋ, ಮೂರೋ ನಾಲ್ಕೋ ಉಸಿರಿನಷ್ಟು ಇರಬಹುದು. ರಾಚಯ್ಯನವರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಕಂಬ ಬಿಟ್ಟು ಕೆಳಗಿಳಿದು, ಸೇನೆಯಲ್ಲಿ ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಂತರು.

"ನಂದೇ ಸಾರ್," ಎಂದರು.

"ಯಾವೂರೋ ನಿಂದು?"

"ಉಮ್ಮತ್ತೂರು ಸಾರ್."

"ಉಮ್ಮತ್ತೂರಲ್ಲಿ ಯಾವ ಬೀದಿ?"

ಬೀದಿ ಹೇಳಿದರು. ಅಧಿಕಾರಿಯ ದನಿ ಅಲ್ಲಿಂದ ಬೇರೆಯೇ ಆಯಿತು. ಒಬ್ಬ ಪೇದೆ ಅವರ ಅಂಗಿಯ ಕೊರಳಪಟ್ಟಿ ಹಿಡಿದ. ಇನ್ನೊಬ್ಬರು ನನ್ನ ಮುಖವನ್ನು ದಿಟ್ಟಿಸಿ, "ಮಂಡಿ ಶಿವಬಸಪ್ಪನೋರ ಮಗಳಲ್ವೇನಮ್ಮ ನೀವು? ಇಂಥವ್ರ ಜೊತೆ ಇಲ್ಲೇನ್ ಮಾಡ್ತಿದೀರಿ? ಮನೆಗೋಗಿ," ಎಂದರು.

ನಾನು ಹೋದೆ. ಬರೆಯಲು ಕಷ್ಟವಾಗುತ್ತಿದೆ, ಆದರೆ ನಡೆದದ್ದು ಅಷ್ಟೇ. ಜೀಪಿನ ಹಿಂಭಾಗದಲ್ಲಿ ನೆಲದ ಮೇಲೆ ರಾಚಯ್ಯನವರನ್ನು ಕೂರಿಸಿದರು. ನಾನು ಬಸ್ ಹತ್ತಿ ಮನೆಗೆ ಬಂದೆ.

ಅಪ್ಪನ ಮುಂದೆ ಎಲ್ಲಾ ಹೇಳಿ ಅತ್ತೆ. ನಾನೇ ಠಾಣೆಗೆ ಹೋಗಿ ಹೇಳುತ್ತೇನೆ, ಅರ್ಜಿಯ ಪ್ರತಿ ತೋರಿಸುತ್ತೇನೆ ಎಂದೆ. ಅಪ್ಪ ಬಾಗಿಲು ಹಾಕಿ ಮೆಲ್ಲಗೆ ಹೇಳಿದರು: "ಸುಮ್ಕಿರವ್ವ. ಈಗ ನೀ ಬಾಯ್ಬುಟ್ರೆ ನೀನೂ ಒಳಗೋಗ್ತೀಯ, ಅವನೂ ಈಚೆಗೆ ಬರಕಿಲ್ಲ. ಎರಡು ದಿನ ಕಳೀಲಿ, ನಾನು ಯಾರಿಗಾದ್ರೂ ಹೇಳುಸ್ತೀನಿ." ಅಪ್ಪ ಬಾಗಿಲಿಗೆ ಬೀಗವನ್ನೇನೂ ಹಾಕಿರಲಿಲ್ಲ. ಅಗುಳಿ ತೆಗೆದು ನಾನು ಹೊರಡಬಹುದಿತ್ತು. ಹೊರಡಲಿಲ್ಲ. ಎರಡು ದಿನ ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದೆ. ಅಮ್ಮ ತಂದಿಟ್ಟ ಊಟವನ್ನೂ ಮಾಡಿದೆ. ಅದನ್ನು ನೆನೆದರೆ ಈಗಲೂ ಅಸಹ್ಯವಾಗುತ್ತದೆ.

ಮೂರನೆಯ ದಿನ ಬೆಳಿಗ್ಗೆ ಯಾರಿಗೂ ಹೇಳದೆ ಅರ್ಜಿಯ ಪ್ರತಿ ಹಿಡಿದು ಠಾಣೆಗೆ ಹೋದೆ. "ನಿನ್ನೆಯೇ ಬಿಟ್ಟಾಯಿತು," ಎಂದರು. ರಾಚಯ್ಯನವರ ಹೆಂಡತಿ ಚಿಕ್ಕತಾಯಮ್ಮ ಟ್ರಂಕಿನಲ್ಲಿದ್ದ ಸೇನೆಯ ಕಾಗದ, ಪದಕ ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಠಾಣೆಯ ಮುಂದೆ ಕುಳಿತಿದ್ದರಂತೆ. ಆಕೆಗೆ ಓದು ಬರುತ್ತಿರಲಿಲ್ಲ. ಯಾವ ಕಾಗದ ಬೇಕಾಗುತ್ತದೋ ಗೊತ್ತಿಲ್ಲದೆ ಟ್ರಂಕಿನಲ್ಲಿದ್ದದ್ದನ್ನೆಲ್ಲ ತಂದಿದ್ದರು.

ಅಲ್ಲಿಂದಲೇ ಉಮ್ಮತ್ತೂರಿನ ಬಸ್ ಹತ್ತಿದೆ. ರಾಚಯ್ಯನವರು ಜಗಲಿಯ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಲ್ಲಲು ಹೋದರು, ಆಗಲಿಲ್ಲ. ಬಲಗೈ ಬೆರಳುಗಳು ಊದಿಕೊಂಡು ಅರಿಶಿನ ಹಚ್ಚಿದ ಬಟ್ಟೆಯಲ್ಲಿದ್ದವು.

"ಹೊಡೆದರಾ ರಾಚಯ್ಯಣ್ಣ?"

"ಬುಡಿ ಅಮ್ಮಣ್ಣಿ. ಆದದ್ದಾಯ್ತು. ಬಿಸಿಲಲ್ಲಿ ಯಾಕ್ ಬರೋಕೋದ್ರಿ? ಕೂತ್ಕಳಿ."

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅದನ್ನು ಬಿಟ್ಟು ಅರ್ಜಿಯ ಪ್ರತಿಯನ್ನು ಯಾಕೋ ಅವರ ಮುಂದೆ ಚಾಚಿದೆ. ಅವರು ಅದನ್ನು ಎಡಗೈಯಲ್ಲಿ ತೆಗೆದುಕೊಂಡು, ನೋಡದೆ, ಪಕ್ಕದಲ್ಲಿಟ್ಟರು.

ಚಿಕ್ಕತಾಯಮ್ಮ ಒಳಗಿನಿಂದ ನೀರು ತಂದುಕೊಟ್ಟರು. ನಾನು ಕುಡಿದು ಲೋಟ ಇಡುವವರೆಗೂ ಎದುರಿಗೇ ನಿಂತಿದ್ದರು. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವರ ಹಾಗೆ ಕೇಳಿದರು: "ನಂದು ಅಂತ ಇವ್ರು ಅಂದಾಗ ನೀವು ಅಲ್ಲೇ ಇದ್ರಂತೆ, ದಿಟವಾ?"

"ಏ, ಒಳಕ್ಕೋಗು ನೀನು," ಎಂದು ರಾಚಯ್ಯನವರು ಗದರಿದರು. ಆಕೆ ಕದಲಲಿಲ್ಲ. ನಾನು ಬಸ್ಸಿನ ಹೊತ್ತಾಯಿತು ಎಂದು ಹೇಳಿ ಎದ್ದು ಬಂದೆ.

ರಾಚಯ್ಯನವರ ಮೇಲೆ ಪೊಲೀಸರು ಮೊಕದ್ದಮೆ ಹಾಕಲಿಲ್ಲ, ಸಾಮಾನನ್ನೂ ವಾಪಸ್ ಕೊಡಲಿಲ್ಲ. ಎರಡು ತಿಂಗಳ ಮೇಲೆ ದೆಹಲಿಯಿಂದ ಪತ್ರ ಬಂತು, ಅರ್ಜಿಯನ್ನು ಬೇರೆ ನಮೂನೆಯಲ್ಲಿ ಹೊಸದಾಗಿ ಸಲ್ಲಿಸಿ ಎಂದು. ನಾನು ಸಲ್ಲಿಸಲಿಲ್ಲ. ಶಾಲೆಯನ್ನೂ ಮುಚ್ಚಿ, ಮದುವೆಯಾಗಿ ಹಾಸನಕ್ಕೆ ಬಂದೆ. ಕುರಿಯನ್ ಅವರಿಗೆ ಮುಖ ತೋರಿಸಲೂ ಹೋಗಲಿಲ್ಲ.

ರಾಚಯ್ಯನವರ ಎರಡು ಬೆರಳು ಮತ್ತೆ ಮಡಿಸಲು ಬರಲಿಲ್ಲವೆಂದು ಯಾರೋ ಹೇಳಿದರು. ಆಮೇಲೆ ಅವರು ರೇಡಿಯೋ ಮುಟ್ಟಲಿಲ್ಲ. ಪಕ್ಕದ ಮನೆಯವರ ಟ್ರಾನ್ಸಿಸ್ಟರ್ ಕೆಟ್ಟರೂ ಗೊತ್ತಿಲ್ಲ ಎನ್ನುತ್ತಿದ್ದರಂತೆ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಒಂದು ವರ್ಷ ಕಳೆದ ಮೇಲೆ.

ನಾನು ಹೇಡಿ ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಗೊತ್ತಾಗಿದ್ದರೆ "ನಾನು ನೋಡಿಕೊಳ್ಳುತ್ತೇನೆ" ಎಂದು ಅಷ್ಟು ಸಲೀಸಾಗಿ ಮಾತು ಕೊಡುತ್ತಿರಲಿಲ್ಲ. ಆ ದಿನ ನಾನು ಮಾತಾಡಿದ್ದರೂ ಪೊಲೀಸರು ನಮ್ಮಿಬ್ಬರನ್ನೂ ಒಯ್ಯುತ್ತಿದ್ದರೇನೋ. ಆದರೆ ಜೀಪಿನ ಆ ನೆಲದ ಮೇಲೆ ರಾಚಯ್ಯನವರು ಒಬ್ಬರೇ ಕುಳಿತಿರುತ್ತಿರಲಿಲ್ಲ.

ಚಿಕ್ಕತಾಯಮ್ಮ ಈಗಲೂ ಉಮ್ಮತ್ತೂರಿನಲ್ಲಿದ್ದಾರೆ ಎಂದು ಕೇಳಿದ್ದೇನೆ. ತವರಿಗೆ ಹೋದಾಗಲೆಲ್ಲ ನಾಳೆ ಹೋಗಿ ನೋಡೋಣ ಅಂದುಕೊಳ್ಳುತ್ತೇನೆ. ಒಮ್ಮೆ ಬಸ್ ನಿಲ್ದಾಣದವರೆಗೂ ಹೋಗಿದ್ದೆ. ಉಮ್ಮತ್ತೂರಿನ ಬಸ್ಸು ಬಂದು ನಿಂತು, ಜನ ಹತ್ತಿ, ಹೊರಟುಹೋಯಿತು. ನಾನು ಕಲ್ಲುಬೆಂಚಿನ ಮೇಲೆ ಕುಳಿತೇ ಇದ್ದೆ.