ಷಡ್ಕನ ಶುಗರ್ ಪೆಟ್ಟಿಗೆ

ನನ್ನ ಹೆಂಡತಿಯ ತಂಗಿ ಗಂಡ, ಅಂದರೆ ನನ್ನ ಷಡ್ಕ, ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲೆಕ್ಚರರ್. ನಾನು ಕುಣಿಗಲ್ ಕಡೆಯವನು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು, ರೇಡಿಯೊ ರಿಪೇರಿ ಕಲಿತು, ಮರಳೂರಿನಲ್ಲಿ ಸ್ವಂತ ಅಂಗಡಿ ಹಾಕಿದವನು. ಯಾರ ಮುಂದೂ ಕೈಯೊಡ್ಡಿದವನಲ್ಲ. ಆದರೂ ಹಬ್ಬಕ್ಕೆ ಮಾವನ ಮನೆಗೆ ಹೋದರೆ ಷಡ್ಕನಿಗೆ ಕುರ್ಚಿ, ನನಗೆ ಕೆಟ್ಟ ಟಿವಿ. ಅದೇನೋ ಗೆರೆಗೆರೆ ಬರ್ತದೆ, ಒಸಿ ನೋಡಿ ಅನ್ನೋರು ಮಾವ, ನಾನಿನ್ನೂ ಕಾಲು ತೊಳೆದಿರುತ್ತಿರಲಿಲ್ಲ.

ಎರಡು ಸಾವಿರನೇ ಇಸವಿಯ ಆಚೆ ಈಚೆ ಷಡ್ಕ ಒಂದು ಕೈಪೆಟ್ಟಿಗೆ ಮಾಡಲು ಹೊರಟ. ಬೆರಳು ಚುಚ್ಚಿ ಒಂದು ಹನಿ ರಕ್ತ ಸ್ಟ್ರಿಪ್ಪಿಗೆ ಮುಟ್ಟಿಸಿದರೆ ಶುಗರ್ ಎಷ್ಟಿದೆ ಅಂತ ಅರ್ಧ ನಿಮಿಷದಲ್ಲಿ ತೋರಿಸಬೇಕು. ಫಾರಿನ್ ಮಿಷಿನ್ನು ಆಗಲೇ ಇತ್ತು, ಅದರ ಸ್ಟ್ರಿಪ್ಪು ಕೊಳ್ಳೋದು ಹಳ್ಳಿಯವರ ಕೈಲಿ ಆಗದ ಮಾತು. ಸ್ಟ್ರಿಪ್ಪಿಗೆ ಹಚ್ಚುವ ಮದ್ದು ಷಡ್ಕನದು. ರಕ್ತ ಅದಕ್ಕೆ ತಾಕಿದಾಗ ಹುಟ್ಟುವ ಕರೆಂಟು ಎಷ್ಟು ಸಣ್ಣದು ಅಂದರೆ, ಸೋಲ್ಡರಿಂಗ್ ಕೊಂಚ ಒರಟಾದರೂ ಅಂಕಿ ಕುಣಿಯುತ್ತದೆ. ಕಾಲೇಜಿನವರಿಗೆ ಆಗದೆ, ಅಣ್ಣ ನೀವೇ ನೋಡಿ ಅಂತ ನನ್ನ ಅಂಗಡಿಗೆ ತಂದ. ಎರಡು ತಿಂಗಳು ಕೂತೆ, ಅಂಕಿ ನಿಂತಿತು. ಪೇಪರಿನಲ್ಲಿ ಅವನ ಫೋಟೊ ಬಂತು, ನನ್ನ ಪೆಟ್ಟಿಗೆ ಅವನ ಅಂಗೈ ಮೇಲೆ. ಮಾವ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದರು. ಇವನು ಮಾವನ ಮುಂದೆ ಒಂದೇ ಒಂದು ಸಲ ತಲೆ ತಗ್ಗಿಸಲಿ ಅಂತ ಅವತ್ತಿಂದ ಕಾಯುತ್ತಿದ್ದೆ.

ಆ ದಿನ ಬಂತು. ಗುಬ್ಬಿ ಹತ್ತಿರದ ಮಾವನ ಹಳ್ಳಿಯಲ್ಲೇ, ಅವರ ಮನೆ ಅಂಗಳದಲ್ಲೇ ಮೊದಲ ಪರೀಕ್ಷೆ. ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ಷಡ್ಕ ಹಿಂದಿನ ದಿನವೇ ಹೇಳಿಸಿದ್ದ. ಬಂದರು. ಬಂದವರಿಗೆಲ್ಲ ಎಂದಿನಂತೆ ಬೆಲ್ಲ, ನೀರು ಕೊಡುತ್ತಾ ನಿಂತಿದ್ದರು ಮಾವ. ದೊಡ್ಡವರು ಕೊಟ್ಟದ್ದನ್ನು ಬೇಡ ಅನ್ನೋ ಹಾಗಿಲ್ಲ, ತಿನ್ನೋ ಹಾಗೂ ಇಲ್ಲ. ಜನ ಬೆಲ್ಲದ ಚೂರನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಬಿಸಿಲಲ್ಲಿ ಸಾಲು ನಿಂತರು.

ಅಂಕಿ ನೋಡಿದರೆ, ನೂರರ ಆಸುಪಾಸು ಇರಬೇಕಾದ್ದು, ಎಲ್ಲರಿಗೂ ಇನ್ನೂರರ ಮೇಲೆ. ಷಡ್ಕನ ಮುಖ ಬೆವೆತಿತು. ಐದನೆಯವಳು ಬೆಲ್ಲವನ್ನು ಎಡಗೈಗೆ ದಾಟಿಸಿ, ಬಲಗೈಯನ್ನು ಸೆರಗಿಗೆ ಒರೆಸಿ, ಬೆರಳು ನೀಡಿದಳು. ಎಡಗೈ ನೀಡೋದು ಮರ್ಯಾದೆಯಲ್ಲವಲ್ಲ. ಷಡ್ಕ ಸ್ಪಿರಿಟ್ಟಿನ ಹತ್ತಿ ಸುಮ್ಮನೆ ಸೋಕಿಸಿ ಚುಚ್ಚುತ್ತಿದ್ದ. ಬೆರಳಿನ ಬೆಲ್ಲದ ಅಂಟು ರಕ್ತದ ಜೊತೆ ಸ್ಟ್ರಿಪ್ಪಿಗೆ ಹೋಗ್ತಿದೆ ಅಂತ ನನಗೆ ಆಗಲೇ ಹೊಳೆಯಿತು.

ನಾನು ಬಾಯಿ ಬಿಡಲಿಲ್ಲ. ಒಂದು ಗಂಟೆ ಅವನು ಒದ್ದಾಡೋದನ್ನು ಕಂಬಕ್ಕೆ ಒರಗಿ ನೋಡಿದೆ. ಹಿತವಾಗಿತ್ತು. ಇನ್ನೂರರ ಮೇಲೆ ಬಂದಿದ್ದ ಪಕ್ಕದ ಮನೆ ಅಜ್ಜಿ ಜಗಲಿ ಮೇಲೆ ಕೂತು, ಅಂಗಾರೆ ಇನ್ಮ್ಯಾಕೆ ಒಬ್ಬಟ್ಟು ಮುಟ್ಟಂಗಿಲ್ವಾ ಅಂತ ಕಣ್ಣೊರೆಸಿಕೊಂಡಳು. ಆ ಕಡೆ ಮಾತ್ರ ನೋಡಲಿಲ್ಲ.

ಕೊನೆಗೆ ಮಾವ ಬಂದು, ನನಗೆ ಕೇಳಲೆಂದೇ ಜೋರಾಗಿ ಅಂದರು: "ಏಳ್ನೇ ಕ್ಲಾಸ್ ಓದ್ದೋರ ಕೈಲಿ ಮಾಡ್ಸಿದ್ರೆ ಇನ್ನೇನಾಯ್ತದೆ?"

ಷಡ್ಕ ತಲೆ ಎತ್ತಲಿಲ್ಲ. "ಪೆಟ್ಗೇಲಿ ಏನೂ ತಪ್ಪಿಲ್ಲ ಮಾವ. ಅಣ್ಣನ ಕೆಲ್ಸ ಅದು, ನಂಗೊತ್ತು. ನನ್ನ ಮದ್ದೇ ಕೆಟ್ಟಿರ್ಬೇಕು. ಇವತ್ತಿಗೆ ನಿಲ್ಸಿಬಿಡ್ತೀನಿ."

ನಾನು ಬಯಸಿದಂತೆಯೇ ತಲೆ ತಗ್ಗಿಸಿದ್ದ. ಆದರೆ ಅದರಲ್ಲೂ ಅವನೇ ದೊಡ್ಡವನಾಗಿ ಕಂಡ. ತಡೆಯಲಾರದೆ ಹೋಗಿ, ಸೋಪು, ಒಂದು ಬಕೆಟ್ ನೀರು ತಂದು ಅಜ್ಜಿಯ ಕೈಯನ್ನು ನಾನೇ ತೊಳೆದೆ. "ಈಗ ಚುಚ್ಚು," ಅಂದೆ.

ಅಂಕಿ ನೂರಕ್ಕೂ ಕಮ್ಮಿ ಬಂತು. ಅಜ್ಜಿ ಬೆಲ್ಲವನ್ನು ಬಾಯಿಗೆ ಹಾಕಿಕೊಂಡೇ ಎದ್ದಳು. ಷಡ್ಕ ನನ್ನ ಒದ್ದೆ ಕೈ ಹಿಡಿದು ಬಿಡಲಿಲ್ಲ.

ಈಗಲೂ ಮದುವೆ, ನಾಮಕರಣ ಎಲ್ಲಿ ಸಿಕ್ಕರೂ ನನ್ನನ್ನು ತೋರಿಸಿ, ತಪ್ಪು ಹಿಡಿದೋರು ನಮ್ಮಣ್ಣ, ಬೆಲ್ಲ ನೋಡಿದ ತಕ್ಷಣ ಹೇಳಿಬಿಟ್ರು ಅಂತಾನೆ. ಮಾವನೂ ತಲೆಯಾಡಿಸುತ್ತಾರೆ. ತಕ್ಷಣ ಅಲ್ಲ ಕಣಪ್ಪ, ಒಂದು ಗಂಟೆ ಆಗಿತ್ತು ಅಂತ ಹೇಳಲು ನನಗೆ ಇವತ್ತಿಗೂ ಬಾಯಿ ಬಂದಿಲ್ಲ. ಅವನ ಬಗ್ಗೆ ಅಂಥ ಒಂದು ಒಳ್ಳೇ ಮಾತನ್ನು ನಾನಂತೂ ಯಾರ ಮುಂದೂ ಆಡಿದವನಲ್ಲ.