ಮಗ್ಗದ ಗುಂಡಿಯಲ್ಲಿ ಸೊಟ್ಟ

ಇಂಥ ಕಥೆ ಹೇಳಲು ಯಾರಾದರೂ ಶುರುಮಾಡಿದರೆ ಎದ್ದುಹೋಗುತ್ತಿದ್ದವಳು ನಾನು. ಸತ್ತವರು ಬಂದು ಕಾಫಿ ಕೇಳಿದರು, ಹುಣಿಸೆಮರದ ಕೆಳಗೆ ಯಾರೋ ಹೆಸರು ಹಿಡಿದು ಕೂಗಿದರು ಎಂದು ನಮ್ಮ ಬೀದಿಯಲ್ಲಿ ಹೇಳದವರಿಲ್ಲ. ಅವರ ಮುಖದೆದುರೇ ನಕ್ಕಿದ್ದೇನೆ. ಈಗ ನೀವು ನನ್ನನ್ನು ನೋಡಿ ನಕ್ಕರೆ ಬೇಸರವಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದು ನಡೆದದ್ದು ಹಾಡಹಗಲು ಮೂರು ಗಂಟೆಯ ಸುಮಾರಿಗೆ, ಹೆಂಚಿನ ಸಂದಿಯಿಂದ ಬಿಸಿಲು ನೆಲಕ್ಕೆ ಬೀಳುತ್ತಿದ್ದಾಗ.

ಆಗ ನಾನು ಸೇಲಂ ಹತ್ತಿರದ ಒಂದು ವಿಶ್ವವಿದ್ಯಾಲಯದಲ್ಲಿ ಪಶು ನರ್ಸಿಂಗ್ ಓದುತ್ತಿದ್ದೆ. ಎರಡನೇ ವರ್ಷದಲ್ಲಿ ಸಣ್ಣ ಪ್ರಾಣಿಗಳ ಪುನಶ್ಚೇತನ ಅಂತ ಒಂದು ವಿಷಯ. ಅಂದರೆ ಏಟು ಬಿದ್ದು ಕಾಲಿನ ಸ್ವಾಧೀನ ಕಳೆದುಕೊಂಡ ನಾಯಿ ಬೆಕ್ಕುಗಳನ್ನು ಮತ್ತೆ ನಡೆಯುವಂತೆ ಮಾಡುವ ಕೆಲಸ. ತಾರಮಂಗಲಂನ ನೇಕಾರರ ಹುಡುಗಿ ನಾಯಿಗೆ ನಡಿಗೆ ಕಲಿಸಲು ಫೀಸು ಕಟ್ಟಿ ಓದುತ್ತಾಳಂತೆ ಎಂದು ನೆಂಟರೆಲ್ಲ ಆಡಿಕೊಂಡು ನಕ್ಕಿದ್ದರು.

ನಮ್ಮ ಮನೆಮಾತು ಕನ್ನಡ. ಹಾಸ್ಟೆಲಿನಲ್ಲಿ ನನ್ನ ಜೊತೆ ಅದನ್ನು ಆಡುತ್ತಿದ್ದವಳು ಒಬ್ಬಳೇ, ಮಾದೇವಿ. ಮೆಟ್ಟೂರು ಕಡೆಯ ಹಳ್ಳಿಯವಳು, ರೈತರ ಮಗಳು. ಉಳಿದವರೆಲ್ಲ ತಮಿಳು. ಅವರ ಮುಂದೆಯೇ ಅವರ ಬಗ್ಗೆ ಏನು ಬೇಕಾದರೂ ಹೇಳಿಕೊಂಡು ನಗಬಹುದು ಎಂಬ ಸುಖವೇ ನಮ್ಮನ್ನು ಅಂಟಿಸಿತ್ತು. ಮನೆಯ ಭಾಷೆ ಆಡುವವಳು ಮನೆಯವಳೇ ಎಂದು ನಾನು ನಂಬಿದ್ದೆ. ಎಂಥ ಪೆದ್ದಿ ನಾನು!

ಓಮಲೂರು ಬಸ್‌ಸ್ಟ್ಯಾಂಡಿನ ಹೊರಗೆ ವ್ಯಾನು ಬಡಿದು ಬಿದ್ದಿದ್ದ ಒಂದು ಕಂದು ನಾಯಿಯನ್ನು ನಾವಿಬ್ಬರೂ ಆಟೋದಲ್ಲಿ ಕಾಲೇಜಿನ ಪಶು ಆಸ್ಪತ್ರೆಗೆ ತಂದೆವು. ಒಂದು ಕಿವಿ ಮಡಿಚಿಕೊಂಡಿತ್ತು, ಅದಕ್ಕೇ ಸೊಟ್ಟ ಎಂದು ಹೆಸರಿಟ್ಟೆವು. ಹಿಂದಿನ ಎರಡು ಕಾಲೂ ಸತ್ತಹಾಗಿದ್ದವು. ಆರು ವಾರ ಅವನ ಹೊಟ್ಟೆಯಡಿ ನಮ್ಮ ಮಗ್ಗದ ಪಂಚೆಯ ತುಂಡು ಹಾಕಿ ಎತ್ತಿ ಹಿಡಿದು ನಡೆಸಿದೆ, ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಕಾಲು ಆಡಿಸಿದೆ. ಇಂಥ ನಾಯಿ ತಾನಾಗಿ ಮೂತ್ರ ಮಾಡಲಾರದು. ದಿನಕ್ಕೆ ಮೂರು ಹೊತ್ತು ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಮಾಡಿಸಬೇಕು. ಒಂದು ದಿನ ತಪ್ಪಿದರೂ ಪ್ರಾಣಕ್ಕೆ ಅಪಾಯ. ಹೊಟ್ಟೆ ಬಿಗಿದಾಗ ಸೊಟ್ಟ ತೆವಳಿಕೊಂಡು ಬಂದು ನನ್ನ ಎಡಗಾಲಿನ ಮೇಲೆ ಗದ್ದ ಊರಿ ಮೇಲಕ್ಕೆ ನೋಡುತ್ತಿದ್ದ. ಅದು ಅವನ ಅರ್ಜಿ. ಆರನೇ ವಾರದ ಬುಧವಾರ ಅವನು ಹಿಂದಿನ ಬಲಗಾಲನ್ನು ತಾನೇ ಎತ್ತಿ ಒಂದು ಹೆಜ್ಜೆ ಇಟ್ಟ. ನಾನು ತೊಟ್ಟಿಯ ಪಕ್ಕ ಕೂತು ಅತ್ತುಬಿಟ್ಟೆ.

ಮರುದಿನ ಊರಿಂದ ಫೋನು. ಅಪ್ಪ ಬೈಕಿನಿಂದ ಬಿದ್ದು ಬಲಗೈ ಉಳುಕಿಸಿಕೊಂಡಿದ್ದಾರೆ, ಮದುವೆಯ ಸೀರೆ ಅರ್ಧಕ್ಕೆ ಮಗ್ಗದ ಮೇಲಿದೆ, ಬಂದು ಮುಗಿಸಿಕೊಡು ಎಂದು. ಸೋಮವಾರ ಬೆಳಿಗ್ಗೆ ಬರುತ್ತೇನೆಂದು ಸೊಟ್ಟನನ್ನು ಮಾದೇವಿಗೆ ಒಪ್ಪಿಸಿದೆ.

ಇಲ್ಲಿ ನಮ್ಮ ಒಂದು ಪದ್ಧತಿ ಹೇಳಬೇಕು. ಪ್ರತಿದಿನದ ಚಿಕಿತ್ಸೆಗೂ ಒಂದು ಅನುಮತಿ ಹಾಳೆ. ಏನು ಮಾಡುತ್ತೀರಿ ಎಂದು ಮೇಲೆ ಬರೆಯಬೇಕು, ಕೆಳಗೆ ಮಾಲೀಕರ ಸಹಿ. ಬೀದಿನಾಯಿಗೆ ತಂದ ವಿದ್ಯಾರ್ಥಿಯೇ ಮಾಲೀಕ; ಸೊಟ್ಟನ ಕಡತದಲ್ಲಿದ್ದದ್ದು ನನ್ನ ಹೆಸರು. ಊರಿಗೆ ಹೋಗುವವರು ಖಾಲಿ ಹಾಳೆಗಳಿಗೆ ಮೊದಲೇ ಸಹಿ ಹಾಕಿ ಗೆಳತಿಗೆ ಕೊಟ್ಟುಹೋಗುವುದು ನಮ್ಮಲ್ಲಿ ಮಾಮೂಲು. ಎಲ್ಲರೂ ಮಾಡುತ್ತಿದ್ದೆವು. ನಾನೂ ಮೂರು ಹಾಳೆಗೆ ಸಹಿ ಹಾಕಿಕೊಟ್ಟೆ.

"ಓಗ್ ಬಾರೇ, ನಾನ್ ಐವ್ನಿ. ನಿನ್ ಮಗನ್ನ ನಾನ್ ನೋಡ್ಕತೀನಿ, ಕವಲೆಪಡಾದೆ" ಎಂದಳು ಮಾದೇವಿ, ಚಿಂತೆ ಬೇಡ ಎಂಬುದನ್ನು ಎಂದಿನಂತೆ ತಮಿಳಿನಲ್ಲೇ ಮುಗಿಸಿ.

ಶನಿವಾರ ಮಧ್ಯಾಹ್ನ. ಅಪ್ಪ ಕೈಗೆ ಕಟ್ಟು ಹಾಕಿಸಿಕೊಂಡು ಬರಲು ಹೋಗಿದ್ದರು. ಅವ್ವ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಹಲಗೆ ತುಳಿಯಬೇಕು. ಎಡಕ್ಕೆ ತುಳಿದು ಲಾಳಿ ಎಸೆದೆ, ಬಲಕ್ಕೆ ತುಳಿದು ಎಸೆದೆ. ಮತ್ತೆ ಎಡಗಾಲು ಎತ್ತಲು ಹೋದರೆ ಏಳಲಿಲ್ಲ. ಪಾದದ ಮೇಲೆ ಭಾರವಿತ್ತು. ಬೆಚ್ಚಗಿತ್ತು. ಪಕ್ಕದ ಮನೆಯ ಬೆಕ್ಕು ಇಳಿದಿದೆ ಅಂದುಕೊಂಡೆ. ಆದರೆ ಆ ಭಾರ ನನಗೆ ಗೊತ್ತಿತ್ತು. ಬೆರಳುಗಳ ಬುಡದಲ್ಲಿ ಗದ್ದದ ಮೂಳೆ, ಅದರ ಹಿಂದೆ ಗಂಟಲಿನ ಮೆತ್ತಗಿನ ಚರ್ಮ. ಆರು ವಾರ ದಿನಕ್ಕೆ ಮೂರು ಸಲ ಹೊತ್ತ ಭಾರ ಮರೆಯುತ್ತದೆಯೇ? ಕೆಳಗೆ ಬಗ್ಗಿ ನೋಡಿದೆ. ಏನೂ ಇರಲಿಲ್ಲ. ಭಾರ ಮಾತ್ರ ಇನ್ನೂ ಇತ್ತು. ಹತ್ತು ಎಣಿಸುವಷ್ಟು ಹೊತ್ತು ಇದ್ದು ಹಗುರಾಯಿತು. ಕಾಲು ಮೇಲೆತ್ತಿದರೆ ಪಾದ ಒದ್ದೆ.

ಆಗಲೇ ಅವ್ವ ಒಳಗೆ ಬಂದು ಮೂಗು ಮುಚ್ಚಿಕೊಂಡಳು.

"ಏನೇ ಇದು, ನಾಯ್ ಉಚ್ಚೆ ನಾತ ಒಡೀತೈತೆ? ನಾಯ್ಗೀಯ್ ಒಳೀಕ್ ಬಂದಿತ್ತಾ?"

ಹೆದರಿದೆ ಎಂದು ಹೇಳಲು ಈಗ ನಾಚಿಕೆಯಿಲ್ಲ. ಕೂಡಲೇ ಮಾದೇವಿಗೆ ಫೋನು ಮಾಡಿದೆ. ಆಗ ಗಂಟೆ ಮೂರೂಕಾಲು. ಅವಳ ದನಿ ಕಟ್ಟಿಕೊಂಡಿತ್ತು, ನೆಗಡಿ ಎಂದಳು. "ಚೆನ್ನಾಗ್ ಐತೆ ಕಣೇ. ಈಗ್ತಾನೆ ಉಂಡು ಮಲಗೈತೆ." ನನಗೆ ಜೀವ ಬಂತು. ಕಾಲು ತೊಳೆದುಕೊಂಡು ಸೀರೆ ಮುಗಿಸಿದೆ.

ಸೋಮವಾರ ಹೋದಾಗ ಗೂಡು ತೊಳೆದು ಬೋರಲು ಹಾಕಿದ್ದರು. ಪಂಚೆಯ ತುಂಡು ಮೊಳೆಗೆ ನೇತಾಡುತ್ತಿತ್ತು. ಕೆಲಸದವರು ಕಡತ ತೆಗೆದು ತೋರಿಸಿದರು. ಹಾಳೆಯ ಮೇಲೆ ಮಾದೇವಿಯ ಅಕ್ಷರದಲ್ಲಿ, ದಯಾಮರಣ, ಶನಿವಾರ, ಮೂರೂ ಹತ್ತು. ಕೆಳಗೆ ನನ್ನ ಸಹಿ.

ಕೇಳಿದ್ದಕ್ಕೆ ಮೊದಲು ಸುಳ್ಳು ಹೇಳಿದಳು, ಆಮೇಲೆ ಒಪ್ಪಿಕೊಂಡಳು. ಶುಕ್ರವಾರ ಬೆಳಿಗ್ಗೆಯೇ ಗೆಳತಿಯರ ಜೊತೆ ಮೆಟ್ಟೂರು ಡ್ಯಾಮ್ ನೋಡಲು ಹೋಗಿ ರಾತ್ರಿ ತನ್ನ ಮನೆಯಲ್ಲೇ ಉಳಿದಳಂತೆ. ಯಾರಿಗೂ ಹೇಳಿರಲಿಲ್ಲ. ಶನಿವಾರ ಮಧ್ಯಾಹ್ನ ಬಂದು ನೋಡಿದರೆ ಸೊಟ್ಟನ ಹೊಟ್ಟೆ ಕಲ್ಲಿನಂತೆ ಊದಿ ಒಳಗೆ ಮೂತ್ರಕೋಶ ಒಡೆದಿತ್ತು. ಆಪರೇಷನ್ ಮಾಡಿ ನೋಡಬಹುದು, ಇಲ್ಲವೆಂದರೆ ಸೂಜಿ ಹಾಕಿ ಮಲಗಿಸಿಬಿಡಬಹುದು, ಮಾಲೀಕಳನ್ನು ಕೇಳು ಎಂದರು ಡಾಕ್ಟರು. ಆಪರೇಷನ್ ಮಾಡಿಸಿದರೆ ನನಗೆ ವಿಷಯ ತಿಳಿಯುತ್ತದೆ. ತಾನು ಸೊಟ್ಟನ ಬಳಿ ಇರಲಿಲ್ಲವೆಂದೂ ತಿಳಿಯುತ್ತದೆ ಎಂದು ಹೆದರಿದಳಂತೆ. ಅವಳು ಫೋನು ಎತ್ತಲಿಲ್ಲ, ಖಾಲಿ ಹಾಳೆ ಎತ್ತಿದಳು. ಒಂದೇ ಒಂದು ಫೋನು ಮಾಡಿದ್ದರೆ ನಾನು ಸೀರೆಯನ್ನು ಅಲ್ಲೇ ಬಿಟ್ಟು ಓಡಿಬರುತ್ತಿದ್ದೆ.

ಅವಳನ್ನು ನಾನು ಈವರೆಗೂ ಕ್ಷಮಿಸಿಲ್ಲ, ಕ್ಷಮಿಸುವ ದೊಡ್ಡತನ ನನಗಿಲ್ಲ. ಆ ದಿನದಿಂದ ಅವಳೊಡನೆ ಕನ್ನಡ ಆಡಲಿಲ್ಲ. ಏನಾದರೂ ಕೇಳಬೇಕಾದರೆ ತಮಿಳಿನಲ್ಲಿ ಕೇಳುತ್ತಿದ್ದೆ.

ಗುಂಡಿಯಲ್ಲಿ ಆದದ್ದಕ್ಕೆ ಬೇಕಾದಷ್ಟು ಕಾರಣ ಹುಡುಕಿದ್ದೇನೆ. ಕಾಲು ಜೋಮು ಹಿಡಿದಿರಬಹುದು. ನೆಲ ತೇವ ಬಿಟ್ಟಿರಬಹುದು. ಆದರೆ ಗುಂಡಿಯ ಮಣ್ಣು ಒಣಗಿ ಪುಡಿಯಾಗಿತ್ತು. ನಾತ ಹಿಡಿದವಳು ಸೊಟ್ಟನನ್ನು ಕಣ್ಣಿನಲ್ಲೂ ಕಾಣದ ನನ್ನವ್ವ. ಈಗ ನಾನು ಧರ್ಮಪುರಿಯಲ್ಲಿ ಒಂದು ಸಣ್ಣ ಕ್ಲಿನಿಕ್ಕಿನಲ್ಲಿದ್ದೇನೆ, ಖಾಲಿ ಹಾಳೆಗೆ ಸಹಿ ಹಾಕುವುದಿಲ್ಲ, ದೆವ್ವದ ಕಥೆಗೆ ನಗುವುದೂ ಇಲ್ಲ.

ಆದರೆ ನನ್ನನ್ನು ಕೊರೆಯುವುದು ಬೇರೆ. ಕೋರ್ಸು ಮುಗಿದು ಹಾಸ್ಟೆಲ್ ಬಿಡುವ ದಿನ ಮಾದೇವಿ ನನ್ನ ಹಳೆಯ ನೀಲಿ ರಬ್ಬರ್ ಚಪ್ಪಲಿ ತಂದು ಮುಂದಿಟ್ಟಳು. ಊರಿಗೆ ಹೋಗುವಾಗ ನಾನು ಕೋಣೆಯಲ್ಲಿ ಬಿಟ್ಟುಹೋಗಿದ್ದೆ. ಅಳುತ್ತಾ ಹೇಳಿದಳು:

"ಸೂಜಿ ಆಕೋ ಮುಂಚೆ ಅವ ತೆವಳ್ಕಂಡ್ ಬಂದು ನನ್ ಕಾಲ್ ಮ್ಯಾಲೆ ಗದ್ದ ಇಟ್ಟ ಕಣೇ. ನಿನ್ ಚಪ್ಲಿ ಆಕಿದ್ದೆ. ನೀನೇ ಬಂದೆ ಅಂದ್ಕಂಡ. ನೆಮ್ಮದಿಯಾಗೇ ಓದ."

ನನಗೆ ಸಮಾಧಾನವಾಗಲೆಂದೇ ಅವಳು ಅದನ್ನು ಹೇಳಿದ್ದು. ನಾಯಿಗೆ ಸಹಿ ತಿಳಿಯುವುದಿಲ್ಲ, ವಾಸನೆ ತಿಳಿಯುತ್ತದೆ. ಹಾಗಾದರೆ ಅವನ ಪಾಲಿಗೆ ಅಲ್ಲಿ ನಿಂತಿದ್ದವಳು ನಾನೇ. ಗದ್ದವಿಟ್ಟು ಬೇಡಿಕೊಂಡರೂ ಕೈ ನೀಡದವಳೂ ನಾನೇ. ಅಲ್ಲಿ ನಾನು ಸಿಕ್ಕಿದ್ದೆ ಎಂದಾದರೆ, ಅದೇ ಹೊತ್ತಿಗೆ ತಾರಮಂಗಲಂವರೆಗೆ ಅವನು ಯಾರನ್ನು ಹುಡುಕಿಕೊಂಡು ಬಂದ?